ಬೆನ್ನ ಹೊರೆಗೊಂದು ಕೊಪ್ಪೆ: ಮಿಲಿಟರಿ ರೇನ್ ಕವರಿನ ಹಿಂದುಮುಂದು

1791ರ ಬೇಸಿಗೆಯಲ್ಲಿ ಟಿಪ್ಪು ಸುಲ್ತಾನನ ಮೇಲೆ ದಂಡೆತ್ತಿ ಕೋಲಾರ, ಹೊಸಕೋಟೆಗಳನ್ನು ದಾಟಿ ಬಂದು ಬೆಂಗಳೂರು ಕೋಟೆ ಹಿಡಿದ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಸೈನ್ಯಕ್ಕೆ ದೇವನಹಳ್ಳಿಯೂ ಸುಲಭವಾಗಿ ದಕ್ಕಿತು. ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಬಳಿಯ ಅರಕೆರೆಯಲ್ಲೂ ಗೆಲುವು ಅದರದೇ. ಅಷ್ಟರಲ್ಲಿ ಮಳೆ ಹಿಡಿಯಿತು. ದವಸ ಮುಗಿಯಿತು, ಎತ್ತುಗಳು ಸತ್ತವು. ಕೋಟೆ ಒಡೆಯಲು ತಂದ ಫಿರಂಗಿಗಳನ್ನು ತಾನೇ ಹಾಳುಗೆಡವಿ ಸೈನ್ಯ ಹಿಂದಿರುಗಿತು. ಆಳು ನೆನೆದರೆ ಒಣಗುತ್ತಾನೆ, ಹೊರೆ ನೆನೆದರೆ ದಂಡೇ ಕೂರುತ್ತದೆ. ಇವತ್ತು ಮಾಕಳಿದುರ್ಗ, ಶಿವಗಂಗೆ ಹತ್ತುವವರು ಬ್ಯಾಗಿಗೆ ತೊಡಿಸುವ ಹಸಿರು ಕವರಿನ ಹಿಂದಿರುವುದೂ ಇದೇ ಲೆಕ್ಕ.

ಈ ಸೀಮೆಯ ರೈತರ ಲೆಕ್ಕ ಬೇರೆ, ಮೊದಲು ಮೈ ನೆನೆಯಬಾರದು. ಗೋಣಿಚೀಲದ ಒಂದು ಮೂಲೆಯನ್ನು ಇನ್ನೊಂದು ಮೂಲೆಯೊಳಕ್ಕೆ ತೂರಿಸಿ ತಲೆಗೆ ಹಾಕಿಕೊಂಡರೆ ಕೊಪ್ಪೆ ಸಿದ್ಧ. ನೆತ್ತಿಯಿಂದ ಸೊಂಟದವರೆಗೆ ಒಂದೇ ಮರೆ. ಕಂಬಳಿಯದಾದರೆ ಬೆಚ್ಚಗೂ ಇರುತ್ತದೆ. ಗೋಣಿ ನೇಯುವುದಕ್ಕೆಂದೇ ಹಳೆಯ ಮೈಸೂರಿನಲ್ಲಿ ಗೋಣಿಗರೆಂಬ ಸಮುದಾಯವಿತ್ತು.

ಸೈನ್ಯದ ಹೊದಿಕೆಯ ಕಥೆಗೆ ಮರಳೋಣ. ಬೆಂಗಳೂರಿಗೆ ಬ್ರಿಟಿಷರ ದಂಡು ಬಂದದ್ದು 1809ರಲ್ಲಿ. ಬಟ್ಟೆಗಳ ನಡುವೆ ರಬ್ಬರು ಹಾಕಿ ನೀರು ತಡೆಯುವ ಪೇಟೆಂಟನ್ನು ಚಾರ್ಲ್ಸ್ ಮ್ಯಾಕಿಂತೋಷ್ ಪಡೆದದ್ದು 1823ರಲ್ಲಿ. ಮೊದಲ ಮಹಾಯುದ್ಧದ ಬ್ರಿಟಿಷ್ ಸಿಪಾಯಿಗೆ ನೆಲಕ್ಕೆ ಹಾಸುವ ರಬ್ಬರು ಹಾಸೇ ಮಳೆಗೂ ಆಸರೆಯಾಗಿತ್ತು. ಎರಡನೆಯ ಯುದ್ಧ ಮುಗಿದಾಗ ಉಳಿದ ಸರಕು ಎಷ್ಟಿತ್ತೆಂದರೆ, ಕಾನ್ಪುರದಲ್ಲಿ ಬ್ರಿಟಿಷರು ಹಾಳುಗೆಡವಿ ಬಿಟ್ಟುಹೋಗಿದ್ದ ಲಿಬರೇಟರ್ ಬಾಂಬರುಗಳನ್ನೇ ಬೆಂಗಳೂರಿನ ಎಚ್‌ಎಎಲ್ ರಿಪೇರಿ ಮಾಡಿ ಭಾರತೀಯ ವಾಯುಪಡೆಗೆ ಕೊಟ್ಟಿತು. ವಿಮಾನವೇ ಸೆಕೆಂಡ್‌ಹ್ಯಾಂಡ್ ಆದ ಮೇಲೆ ಚೀಲದ ಹೊದಿಕೆಯದೇನು ಮಹಾ!

1935ರಲ್ಲಿ ನೈಲಾನ್ ಬಂತು. ಮುಂದೆ ಅದಕ್ಕೆ ಪಾಲಿಯುರೆಥೇನ್ ಲೇಪ ಬಳಿದಾಗ ಕವರು ಹಗುರಾಯಿತು. ಬಳಸಿದ ಕವರು ಕೊಳ್ಳುವವರು ಸೋಲುವುದೂ ಈ ಲೇಪದಲ್ಲೇ. ತೇವ, ಸೆಕೆಗಳಲ್ಲಿ ವರ್ಷಗಟ್ಟಲೆ ಮಡಿಚಿಟ್ಟರೆ ಅದು ಅಂಟಂಟಾಗಿ ಹಳಸಿದ ವಾಸನೆ ಹಿಡಿಯುತ್ತದೆ, ಮಡಿಕೆಯ ಗೆರೆಗುಂಟ ಹೊಟ್ಟಿನಂತೆ ಉದುರುತ್ತದೆ. ಹೊರಮೈ ನೋಡಿ ಬೆಲೆ ಕಟ್ಟುವುದು ದಡ್ಡತನ. ಒಳಮೈ ಮೇಲೆ ಮಾಡಿ ಬೆರಳಾಡಿಸಬೇಕು, ಒಂದು ಲೋಟ ನೀರು ನಿಲ್ಲಿಸಿ ಅಡಿಯಲ್ಲಿ ಒಸರುತ್ತದೆಯೇ ನೋಡಬೇಕು. ಲಾಡಿ, ಎಲಾಸ್ಟಿಕ್ ಹೋಗಿದ್ದರೆ ಚಿಂತೆಯಿಲ್ಲ, ಯಾವ ದರ್ಜಿಯಾದರೂ ಹಾಕಿಕೊಡುತ್ತಾನೆ.

ಸೈನ್ಯ ಕೈಬಿಟ್ಟ ಸರಕನ್ನು ಈಗ ಸರ್ಕಾರಿ ಕಂಪನಿ ಎಂಎಸ್‌ಟಿಸಿ ಆನ್‌ಲೈನ್ ಹರಾಜಿನಲ್ಲಿ ಮಾರುತ್ತದೆ. 2022ರಲ್ಲಿ ಬಂದ ಸೇನೆಯ ಹೊಸ ಸಮವಸ್ತ್ರದ ವಿನ್ಯಾಸ ಮಾತ್ರ ನೋಂದಾಯಿತ ಸ್ವತ್ತು. ಅದನ್ನು ಅನುಮತಿಯಿಲ್ಲದೆ ತಯಾರಿಸುವುದು ಕಾನೂನುಬಾಹಿರವೆಂದು ಸೇನೆಯೇ ಎಚ್ಚರಿಸಿದೆ. ಚಾರಣಕ್ಕೆ ಸಾದಾ ಹಸಿರೇ ವಾಸಿ.

ಇಷ್ಟಾದರೂ ಈ ಕವರಿಗೆ ಬೆನ್ನಿಲ್ಲ. ಕತ್ತಿನಿಂದ ಇಳಿದ ನೀರು ಬೆನ್ನಿಗೂ ಬ್ಯಾಗಿಗೂ ನಡುವೆ ಹರಿದು ಪಟ್ಟಿಗಳನ್ನು ತೋಯಿಸಿ ಒಳಕ್ಕೆ ಜಿನುಗುತ್ತದೆ. ಅದಕ್ಕೇ ಅನುಭವಿಗಳು ಕವರು ಹಾಕಿದ ಮೇಲೂ ಬ್ಯಾಗಿನೊಳಗೆ ದಪ್ಪ ಪ್ಲಾಸ್ಟಿಕ್ ಚೀಲವಿಟ್ಟು, ಬಟ್ಟೆಬರೆ ತುಂಬಿ, ಬಾಯಿ ತಿರುಚಿ ಕಟ್ಟುತ್ತಾರೆ.