ಕೈಗೆ ಕೈ ಕೂಡಿಸಿದ ಶಾಸನ

ಶ್ರವಣಬೆಳಗೊಳಕ್ಕೆ ಹೋದವರೆಲ್ಲ ವಿಂಧ್ಯಗಿರಿಯ ಮೆಟ್ಟಿಲುಗಳನ್ನು ಹತ್ತುತ್ತಾರೆ. 58 ಅಡಿ ಎತ್ತರದ ಗೊಮ್ಮಟನೆದುರು ಮೌನವಾಗಿ ನಿಂತು, ಧನ್ಯತೆಯಿಂದ ಇಳಿದು ಬರುತ್ತಾರೆ. ಕೆಳಗೆ ಊರೊಳಗಿರುವ ಭಂಡಾರಿ ಬಸದಿಯತ್ತ ಹೆಜ್ಜೆ ಹಾಕುವವರು ಕಡಿಮೆ. ಹೊಯ್ಸಳ ದೊರೆ ಒಂದನೆಯ ನರಸಿಂಹನ ಭಂಡಾರಿಯಾಗಿದ್ದ ಹುಳ್ಳರಾಜನು 1159ರಲ್ಲಿ ಕಟ್ಟಿಸಿದ ಬಸದಿ ಅದು. ನಾನು ಅಧ್ಯಾಪಕನಾಗಿದ್ದಾಗ ವಿದ್ಯಾರ್ಥಿಗಳನ್ನು ಮೊದಲು ಅಲ್ಲಿಗೇ ಕರೆದೊಯ್ಯುತ್ತಿದ್ದೆ. ಅಲ್ಲಿರುವ ಒಂದು ಕಲ್ಲನ್ನು ಅವರು ನೋಡಲಿ ಎಂಬುದು ನನ್ನ ಆಸೆ. ಅದು ವಿಜಯನಗರದ ಬುಕ್ಕರಾಯನ ಕಾಲದ ಶಾಸನ. ಶಕವರ್ಷ 1290, ಅಂದರೆ 1368ನೆಯ ಇಸವಿಯದು. ಅರಸನ ನಡೆ, ಆಡಳಿತದ ಕಟ್ಟಳೆ, ಜನರ ಧರ್ಮಶ್ರದ್ಧೆ, ಈ ಮೂರೂ ಸೇರಿ ಸಾಮಾನ್ಯರ ಬದುಕನ್ನು ಹೇಗೆ ರೂಪಿಸುತ್ತವೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವನ್ನು ನಾನು ಬೇರೆ ಕಂಡಿಲ್ಲ.

ಸಂದರ್ಭ ಹೀಗಿದೆ. ಜೈನರಿಗೂ ಶ್ರೀವೈಷ್ಣವ ಭಕ್ತರಿಗೂ ವ್ಯಾಜ್ಯ ಹುಟ್ಟಿತು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ಎಡೆಗಳ ಜೈನರು ಒಟ್ಟಾಗಿ ಅರಸನ ಬಳಿ ಬಂದು, ಭಕ್ತರಿಂದ ತಮಗೆ ಅನ್ಯಾಯವಾಗುತ್ತಿದೆಯೆಂದು ಬಿನ್ನಹ ಮಾಡಿಕೊಂಡರು. ಅವರು ಕಳೆದುಕೊಂಡದ್ದು ಏನೆಂಬುದು ಅರಸನ ತೀರ್ಪಿನಿಂದಲೇ ಊಹೆಗೆ ನಿಲುಕುತ್ತದೆ: ಪಂಚಮಹಾವಾದ್ಯಗಳ ಮತ್ತು ಕಲಶದ ಗೌರವ ಜೈನದರ್ಶನಕ್ಕೆ ಹಿಂದಿನಂತೆಯೇ ಸಲ್ಲತಕ್ಕದ್ದೆಂದು ಅವನು ವಿಧಿಸಿದ್ದಾನೆ.

ವಾದ್ಯ, ಕಲಶ ಎಂದರೆ ಇಂದಿನ ನಮಗೆ ಅಲ್ಪ ಸಂಗತಿಯೆನಿಸಬಹುದು. ಆದರೆ ಆ ಕಾಲದ ಊರಿನಲ್ಲಿ ಯಾರ ದೇವರ ಮುಂದೆ ಭೇರಿ ಬಾರಿಸಬಹುದು, ಯಾರದು ಸದ್ದಿಲ್ಲದೆ ಸಾಗಬೇಕು ಎಂಬುದು ಮಾನದ ಪ್ರಶ್ನೆ. ವಾದ್ಯ ನಿಂತ ಬೀದಿಯಲ್ಲಿ ಆ ಮನೆಗಳ ಮಕ್ಕಳು ತಲೆತಗ್ಗಿಸಿ ನಡೆಯಬೇಕಾಗುತ್ತದೆ. ಸಿದ್ಧಾಂತಗಳ ಜಗಳವನ್ನು ಪಂಡಿತರು ಸಭೆಯಲ್ಲಿ ಮಾಡುತ್ತಾರೆ. ಅದರ ಪೆಟ್ಟು ಬೀಳುವುದು ಬೀದಿಯಲ್ಲಿ ಬದುಕುವವರ ಮೇಲೆ.

ಬುಕ್ಕರಾಯನು ಮಾಡಿದ್ದೇನು? ಜೈನರ ಕೈಯನ್ನು ಹಿಡಿದು ಶ್ರೀವೈಷ್ಣವರ ಕೈಯಲ್ಲಿ ಇರಿಸಿದನೆಂದು ಶಾಸನ ಹೇಳುತ್ತದೆ. ವೈಷ್ಣವ ದರ್ಶನಕ್ಕೂ ಜೈನ ದರ್ಶನಕ್ಕೂ ಭೇದವಿಲ್ಲವೆಂದು ಸಾರಿದನು. ಅಷ್ಟೇ ಅಲ್ಲ, ಜೈನರಿಗೆ ಹಾನಿಯಾಗಲಿ ವೃದ್ಧಿಯಾಗಲಿ, ಅದು ತಮ್ಮದೇ ಹಾನಿವೃದ್ಧಿಯೆಂದು ವೈಷ್ಣವರು ಭಾವಿಸಬೇಕೆಂದು ಕಟ್ಟು ಮಾಡಿದನು. ಯಾರ ಕೈಯಲ್ಲಿ ಕೈಯಿರಿಸಿದನೆಂಬ ವಿವರವೂ ಗಮನಾರ್ಹವಾದದ್ದು. ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರ ಹೆಸರಿನೊಡನೆ ಆ ಪಟ್ಟಿ ಮುಗಿಯುವುದಿಲ್ಲ. ನೀರು ತರುವವರು, ನಾಲ್ವತ್ತೆಂಟು ಜನ, ತಿರುಕುಲ, ಜಾಂಬವಕುಲದವರು ಎಲ್ಲರೂ ಅದರಲ್ಲಿದ್ದಾರೆ. ಒಪ್ಪಂದ ಪೀಠಗಳಲ್ಲಿ ಆಗಿ ಬೀದಿಗಳಲ್ಲಿ ಮುರಿಯಬಾರದೆಂಬ ಎಚ್ಚರ ಇಲ್ಲಿ ಕಾಣುತ್ತದೆ.

ಬರಿಯ ಸಾಂತ್ವನದ ಮಾತುಗಳಿಂದ ಈ ಶಾಸನ ಮುಗಿದಿದ್ದರೆ ನಾನು ಇದನ್ನು ಇಷ್ಟಾಗಿ ನೆನೆಯುತ್ತಿರಲಿಲ್ಲ. ಮುಂದಿನ ಭಾಗದಲ್ಲಿ ಆಡಳಿತದ ವಿವೇಕವಿದೆ. ರಾಜ್ಯದ ಜೈನರು ಬಾಗಿಲುಳ್ಳ ಪ್ರತಿ ಮನೆಗೆ ವರ್ಷಕ್ಕೆ ಒಂದು ಹಣದಂತೆ ಕೊಡಬೇಕು. ಆ ಹಣದಿಂದ ತಿರುಮಲೆಯ ತಾತಯ್ಯನು ಬೆಳಗೊಳದ ದೇವರ ಅಂಗರಕ್ಷೆಗೆ 20 ಆಳುಗಳನ್ನು ನೇಮಿಸಬೇಕು; ಮಿಕ್ಕ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಿ ದುರಸ್ತಿ ಮಾಡಿಸಬೇಕು. ಈ ಕಟ್ಟಳೆಯ ಶಾಸನವನ್ನು ಎಲ್ಲ ಬಸದಿಗಳಲ್ಲಿ ನಿಲ್ಲಿಸುವ ಹೊಣೆಯೂ ಶ್ರೀವೈಷ್ಣವರದೇ. ಇದರ ಮರ್ಮ ಗಮನಿಸಿ: ಜಿನಮಂದಿರದ ಕಾವಲು ವೈಷ್ಣವ ಮುಖಂಡನ ಕೈಗೆ ಬಂದಿತು. ನಿನ್ನೆ ಯಾರ ಮೇಲೆ ದೂರು ಬಂದಿತ್ತೋ ಇಂದು ಅವರೇ ರಕ್ಷಣೆಗೆ ಉತ್ತರವಾದಿಗಳು. ಸೌಹಾರ್ದವು ಉಪದೇಶವಾಗಿ ಉಳಿಯದೆ ವರ್ಷವರ್ಷವೂ ಮಾಡಬೇಕಾದ ಕೆಲಸವಾಯಿತು.

ಹಾಗೆಂದು ಇದನ್ನು ಹೊಗಳಿ ಸುಮ್ಮನಾಗುವುದು ಇತಿಹಾಸಕ್ಕೆ ನ್ಯಾಯವಲ್ಲ. ಅನ್ಯಾಯಕ್ಕೆ ಒಳಗಾದವರೇ ತಮ್ಮ ರಕ್ಷಣೆಯ ವೆಚ್ಚವನ್ನು ತೆರಬೇಕಾಯಿತು. 20 ಆಳುಗಳ ಕಾವಲು ಬೇಕಾಯಿತೆಂದರೆ ಭಯವೂ ಅಷ್ಟು ಇತ್ತೆಂದೇ ಅರ್ಥ. ಶಾಸನ ಆರಂಭವಾಗುವುದು ರಾಮಾನುಜರ ಸ್ತುತಿಯಿಂದ. ಆ ಕಾಲದಲ್ಲಿ ಯಾರ ಬಲ ಹೆಚ್ಚಿತ್ತೆಂಬುದನ್ನು ಆ ಶ್ಲೋಕವೇ ಸೂಚಿಸುತ್ತದೆ. ಅರಸನಿಗೂ ಅವನದೇ ಆದ ಅಗತ್ಯಗಳಿದ್ದವು. 1336ರಲ್ಲಿ ಸ್ಥಾಪನೆಯಾಯಿತೆನ್ನುವ ರಾಜ್ಯಕ್ಕೆ ಆಗ ಇನ್ನೂ ಮೂವತ್ತೆರಡು ವರ್ಷ. ವಣಿಜರಾದ ಜೈನರನ್ನೂ ಪ್ರಬಲರಾದ ವೈಷ್ಣವರನ್ನೂ ಅದು ಕಳೆದುಕೊಳ್ಳುವಂತಿರಲಿಲ್ಲ. ಬುಕ್ಕನ ಮನೆತನ ನಡೆದುಕೊಳ್ಳುತ್ತಿದ್ದ ದೇವರು ವಿರೂಪಾಕ್ಷ. ಹೀಗಾಗಿ ಈ ವ್ಯಾಜ್ಯದಲ್ಲಿ ಅವನು ಮೂರನೆಯವನಾಗಿ ನಿಲ್ಲುವುದು ಸಾಧ್ಯವಾಯಿತು. ರಾಜಕಾರಣದ ಲೆಕ್ಕಾಚಾರವಿತ್ತೆಂಬ ಮಾತ್ರಕ್ಕೆ ನ್ಯಾಯ ನ್ಯಾಯವಲ್ಲದೆ ಹೋಗುವುದಿಲ್ಲ. ಇದಾದ ಹದಿನೇಳು ವರ್ಷಗಳ ತರುವಾಯ, ಶಕವರ್ಷ 1307ರಲ್ಲಿ, ಜೈನನಾದ ದಂಡನಾಯಕ ಇರುಗಪ್ಪನು ರಾಜಧಾನಿಯಲ್ಲಿಯೇ ಕುಂಥುನಾಥ ಜಿನಾಲಯವನ್ನು ಕಟ್ಟಿಸಿದನು. ಗಾಣಗಿತ್ತಿ ದೇವಾಲಯವೆಂಬ ಹೆಸರಿನಿಂದ ಅದು ಹಂಪೆಯಲ್ಲಿ ಇಂದಿಗೂ ನಿಂತಿದೆ.

ಇನ್ನು ಶ್ರದ್ಧೆಯ ಮಾತು. ಕಟ್ಟಳೆಯನ್ನು ಮೀರಿದವನು ರಾಜದ್ರೋಹಿ, ಸಂಘದ್ರೋಹಿ, ಸಮುದಾಯದ್ರೋಹಿ ಎಂದಿದೆ. ಜೊತೆಗೆ, ತಪಸ್ವಿಯಾಗಲಿ ಗ್ರಾಮಣಿಯಾಗಲಿ ಈ ಧರ್ಮವನ್ನು ಕೆಡಿಸಿದರೆ ಗಂಗೆಯ ತಡಿಯಲ್ಲಿ ಗೋವನ್ನೂ ಬ್ರಾಹ್ಮಣನನ್ನೂ ಕೊಂದ ಪಾಪಕ್ಕೆ ಹೋಗುವನೆಂದು ಶಾಪವಿದೆ. ಅರಸನ ದಂಡ ತಲುಪದ ಹಳ್ಳಿಯನ್ನು ಪಾಪಭೀತಿ ತಲುಪುತ್ತದೆ. ಜಗಳ ಹುಟ್ಟಿಸಿದ ಶ್ರದ್ಧೆಯನ್ನೇ ಜಗಳದ ಕಾವಲಿಗೆ ನಿಲ್ಲಿಸಿದ ಉಪಾಯವಿದು.

ಇದೇ ಉಪಾಯ ಇನ್ನೊಂದು ಎಡೆಯಲ್ಲೂ ಕಾಣುತ್ತದೆ. 1638ರಲ್ಲಿ ಹಳೇಬೀಡಿನ ಬಸದಿಯ ಕಂಬದ ಮೇಲೆ ವೀರಶೈವನೊಬ್ಬನು ಲಿಂಗಮುದ್ರೆಯೊತ್ತಿದನು. ಜೈನನೊಬ್ಬನು ಅದನ್ನು ಅಳಿಸಿದನು. ಉಭಯರ ಮುಖ್ಯರೂ ಕೂಡಿ ಒಡಂಬಡಿಕೆಗೆ ಬಂದರು: ಮೊದಲು ವಿಭೂತಿ ವೀಳ್ಯವನ್ನು ಸಲ್ಲಿಸಿ, ಅನಂತರ ಜೈನರು ತಮ್ಮ ಪೂಜೆ ಉತ್ಸವಗಳನ್ನು ಪೂರ್ವಮರ್ಯಾದೆಯಂತೆ ನಡೆಸಿಕೊಳ್ಳಬಹುದು. ಅದಕ್ಕೆ ಅಡ್ಡಿ ಮಾಡಿದವನು ಲಿಂಗಜಂಗಮಗಳಿಗೆ ದ್ರೋಹಿ ಎಂದು ವೀರಶೈವರ ನಂಬಿಕೆಯ ಮಾತಿನಲ್ಲೇ ಆಣೆಯನ್ನು ಬರೆಯಿಸಿದರು. ಇಲ್ಲಿಯೂ ಒಂದು ಪಕ್ಷ ತುಸು ಹೆಚ್ಚು ಬಾಗಬೇಕಾಯಿತೆಂಬುದನ್ನು ಮರೆಮಾಚಬೇಕಾಗಿಲ್ಲ. ಆದರೆ ಪೂಜೆ ನಿಲ್ಲಲಿಲ್ಲ.

ಬೆಳಗೊಳದ ಕಲ್ಲಿನ ಕೊನೆಯಲ್ಲಿ, ಅನಂತರ ಸೇರಿಸಿದ ಕೆಲವು ಸಾಲುಗಳಿವೆ. ಕಲ್ಲೆಹದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿಯು ಬುಕ್ಕರಾಯನಿಗೆ ಬಿನ್ನಹ ಮಾಡಿ, ತಿರುಮಲೆಯ ತಾತಯ್ಯನನ್ನು ಕರೆಯಿಸಿ, ಈ ಧರ್ಮವನ್ನು ಜೀರ್ಣೋದ್ಧಾರ ಮಾಡಿಸಿದನಂತೆ. ಎರಡು ಸಮಯಗಳವರೂ ಕೂಡಿ ಅವನಿಗೆ ಸಂಘನಾಯಕನೆಂಬ ಪಟ್ಟ ಕಟ್ಟಿದರು. ಕಲ್ಲೆಹವೆಂದರೆ ಮಾಗಡಿ ಸೀಮೆಯ ಕಲ್ಯ. ಅಲ್ಲಿಯೂ ಈ ಕಟ್ಟಳೆಯ ಶಾಸನ ದೊರೆತಿದೆ.

ವಿದ್ಯಾರ್ಥಿಗಳಿಗೆ ನಾನು ಬೆರಳಿಟ್ಟು ತೋರಿಸುತ್ತಿದ್ದುದು ಈ ಸಾಲುಗಳನ್ನೇ. ಕಲ್ಲಿನಲ್ಲಿ ಕೊರೆದ ಆಜ್ಞೆಗೂ ಜೀರ್ಣೋದ್ಧಾರ ಬೇಕಾಗುತ್ತದೆ. ಅರಸನು ಒಮ್ಮೆ ಕೈಗೆ ಕೈ ಕೂಡಿಸಬಲ್ಲ. ಆ ಕೈಗಳು ಬಿಡಿಸಿಕೊಳ್ಳದಂತೆ ನೋಡಿಕೊಳ್ಳಲು ಊರಿನ ಒಬ್ಬ ಸೆಟ್ಟಿ ತನ್ನ ವ್ಯಾಪಾರ ಬಿಟ್ಟು ಎದ್ದು ನಡೆಯಬೇಕಾಗುತ್ತದೆ. ಮುಂದಿನ ಬಾರಿ ಬೆಳಗೊಳಕ್ಕೆ ಹೋದಾಗ ಬೆಟ್ಟ ಹತ್ತುವ ಮುನ್ನ ಭಂಡಾರಿ ಬಸದಿಯ ಆ ಕಲ್ಲಿನ ಮುಂದೆ ಅರೆಗಳಿಗೆ ನಿಲ್ಲಿ. ಬುಕ್ಕರಾಯನನ್ನು ನೆನೆಯುವಾಗ ಬುಸುವಿಸೆಟ್ಟಿಯನ್ನೂ ನೆನೆಯಿರಿ.