ಶೈಕ್ಷಣಿಕ ಜಿಲ್ಲೆ (ಕರ್ನಾಟಕ)

ಶೈಕ್ಷಣಿಕ ಜಿಲ್ಲೆ ಎಂಬುದು ಕರ್ನಾಟಕದ ಶಾಲಾ ಶಿಕ್ಷಣ ಇಲಾಖೆಯ ಒಂದು ಆಡಳಿತ ಘಟಕ. ಇಲಾಖೆಯ ಒಬ್ಬ ಉಪನಿರ್ದೇಶಕರ ಅಧೀನಕ್ಕೆ ಒಳಪಟ್ಟ ಶಾಲೆಗಳ ಒಟ್ಟು ವ್ಯಾಪ್ತಿಯನ್ನು ಈ ಹೆಸರಿನಿಂದ ಗುರುತಿಸಲಾಗುತ್ತದೆ. ರಾಜ್ಯದಲ್ಲಿ 31 ಕಂದಾಯ ಜಿಲ್ಲೆಗಳಿದ್ದರೆ ಶೈಕ್ಷಣಿಕ ಜಿಲ್ಲೆಗಳ ಸಂಖ್ಯೆ 35. ವಿಸ್ತಾರವಾದ ಅಥವಾ ಜನನಿಬಿಡವಾದ ನಾಲ್ಕು ಕಂದಾಯ ಜಿಲ್ಲೆಗಳನ್ನು ಶಿಕ್ಷಣದ ಆಡಳಿತಕ್ಕಾಗಿ ಎರಡೆರಡು ಭಾಗ ಮಾಡಿರುವುದೇ ಈ ವ್ಯತ್ಯಾಸಕ್ಕೆ ಕಾರಣ. ಏಳು ತಾಲ್ಲೂಕುಗಳ ಶಿವಮೊಗ್ಗ ಜಿಲ್ಲೆ ಒಂದೇ ಶೈಕ್ಷಣಿಕ ಜಿಲ್ಲೆಯಾಗಿದೆ. ಅದರ ಪಶ್ಚಿಮ ಭಾಗದ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಸ್ಥಿತಿಗತಿಯು ವಿಭಜನೆಯ ಸಾಧಕ ಬಾಧಕಗಳನ್ನು ತಿಳಿಯಲು ತಕ್ಕ ನಿದರ್ಶನವಾಗಿದೆ.

ಆಡಳಿತ ರಚನೆ

ಇಲಾಖೆಯ ಮುಖ್ಯಸ್ಥರು ಬೆಂಗಳೂರಿನಲ್ಲಿರುವ ಆಯುಕ್ತರು. ಧಾರವಾಡ ಮತ್ತು ಕಲಬುರಗಿಗಳಲ್ಲಿ ಅಪರ ಆಯುಕ್ತರ ಕಚೇರಿಗಳಿವೆ. ಶೈಕ್ಷಣಿಕ ಜಿಲ್ಲೆಗೆ ಉಪನಿರ್ದೇಶಕರೂ ತಾಲ್ಲೂಕಿಗೆ ಅಥವಾ ಶೈಕ್ಷಣಿಕ ವಲಯಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯೂ ಇರುತ್ತಾರೆ. ತಾಲ್ಲೂಕಿನೊಳಗೆ ಶಾಲೆಗಳನ್ನು ಕ್ಲಸ್ಟರುಗಳಾಗಿ ಗುಂಪು ಮಾಡಿ, ಪ್ರತಿ ಕ್ಲಸ್ಟರಿಗೆ ಒಬ್ಬ ಸಂಪನ್ಮೂಲ ವ್ಯಕ್ತಿಯನ್ನು ನೇಮಿಸಲಾಗುತ್ತದೆ. ಶಾಲೆಯ ಹಂತದಲ್ಲಿ ಪೋಷಕರನ್ನು ಒಳಗೊಂಡ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯು 2001ರಿಂದ ಕಾರ್ಯನಿರ್ವಹಿಸುತ್ತಿದೆ.

ಪ್ರಾಥಮಿಕ ಶಾಲಾ ಶಿಕ್ಷಕರ ನೇಮಕಾತಿ ಮತ್ತು ಜ್ಯೇಷ್ಠತೆ ಜಿಲ್ಲಾ ಹಂತದಲ್ಲಿ ನಿರ್ಧಾರವಾಗುತ್ತವೆ. ಪ್ರೌಢಶಾಲಾ ಸಹ ಶಿಕ್ಷಕರ ಜ್ಯೇಷ್ಠತೆಗೆ ವಿಭಾಗವೇ ಘಟಕ. ಪ್ರಾಥಮಿಕ ಶಿಕ್ಷಕರ ವೇತನ ಬಟವಾಡೆ ಮತ್ತು ಸೇವಾ ಪುಸ್ತಕಗಳ ನಿರ್ವಹಣೆಯು ಕ್ಷೇತ್ರ ಶಿಕ್ಷಣಾಧಿಕಾರಿಯ ಕಚೇರಿಯಲ್ಲಿ ನಡೆಯುತ್ತದೆ. ಶಾಲೆಗಳಿಗೆ ಸಂಬಂಧಿಸಿದ ಅನುದಾನದ ಬಹುಭಾಗವು ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಮೂಲಕ ಹರಿಯುತ್ತದೆ. ಜಿಲ್ಲಾ ಪಂಚಾಯಿತಿ ಕಂದಾಯ ಜಿಲ್ಲೆಗೆ ಒಂದೇ. ಆದ್ದರಿಂದ ಶೈಕ್ಷಣಿಕ ಜಿಲ್ಲೆಯನ್ನು ಇಬ್ಭಾಗ ಮಾಡಿದರೂ ಹಣಕಾಸಿನ ಕೇಂದ್ರ ಇಬ್ಭಾಗವಾಗುವುದಿಲ್ಲ.

ವಿಭಜಿತ ಜಿಲ್ಲೆಗಳು

- ಉತ್ತರ ಕನ್ನಡ: ಕರಾವಳಿಯ ತಾಲ್ಲೂಕುಗಳು ಕಾರವಾರದ ಉಪನಿರ್ದೇಶಕರ ವ್ಯಾಪ್ತಿಯಲ್ಲೂ ಶಿರಸಿ, ಸಿದ್ದಾಪುರ, ಯಲ್ಲಾಪುರ ಮೊದಲಾದ ಘಟ್ಟದ ಮೇಲಿನ ತಾಲ್ಲೂಕುಗಳು ಶಿರಸಿಯ ವ್ಯಾಪ್ತಿಯಲ್ಲೂ ಇವೆ.
- ಬೆಳಗಾವಿ: ಅಥಣಿ, ರಾಯಬಾಗ, ಹುಕ್ಕೇರಿ, ಗೋಕಾಕ ಮುಂತಾದ ತಾಲ್ಲೂಕುಗಳು ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ ಸೇರಿವೆ.
- ತುಮಕೂರು: ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡ ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿದೆ.
- ಬೆಂಗಳೂರು ನಗರ: ಉತ್ತರ ಮತ್ತು ದಕ್ಷಿಣ ಎಂಬ ಎರಡು ಘಟಕಗಳಿವೆ.

ಈ ವಿಭಜನೆಗಳಿಗೆ ಒಂದೇ ಅಳತೆಗೋಲಿಲ್ಲ. 2011ರ ಜನಗಣತಿಯಂತೆ ಬೆಳಗಾವಿ ಜಿಲ್ಲೆಯ ಜನಸಂಖ್ಯೆ ಸುಮಾರು 47.8 ಲಕ್ಷ, ತುಮಕೂರಿನದು ಸುಮಾರು 26.8 ಲಕ್ಷ. ಉತ್ತರ ಕನ್ನಡದಲ್ಲಿ ಇದ್ದವರು ಸುಮಾರು 14.4 ಲಕ್ಷ ಮಾತ್ರ. ಅದೇ ಗಣತಿಯಲ್ಲಿ 17.5 ಲಕ್ಷ ಜನರಿದ್ದ ಶಿವಮೊಗ್ಗ ಜಿಲ್ಲೆಗಿಂತ ಇದು ಕಡಿಮೆ. ಬೆಳಗಾವಿಯಲ್ಲಿ ಜನಸಂಖ್ಯೆಯೂ ಉತ್ತರ ಕನ್ನಡದಲ್ಲಿ ಕರಾವಳಿಯನ್ನು ಮಲೆನಾಡಿನಿಂದ ಬೇರ್ಪಡಿಸುವ ಘಟ್ಟವೂ ವಿಭಜನೆಗೆ ಆಧಾರವಾಗಿ ಕಾಣುತ್ತವೆ.

ಶಿವಮೊಗ್ಗ ಜಿಲ್ಲೆಯ ಹಿನ್ನೆಲೆ

1997ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿ ಒಂಬತ್ತು ತಾಲ್ಲೂಕುಗಳಿದ್ದವು. ಆ ವರ್ಷ ದಾವಣಗೆರೆ ಜಿಲ್ಲೆ ರಚನೆಯಾದಾಗ ಹೊನ್ನಾಳಿ ಮತ್ತು ಚನ್ನಗಿರಿ ಅದಕ್ಕೆ ಸೇರಿದವು. ಬಯಲಿನ ಎರಡು ತಾಲ್ಲೂಕುಗಳು ಹೋದವಾದರೂ ಮಲೆನಾಡಿನ ತಾಲ್ಲೂಕುಗಳಿಗೆ ಜಿಲ್ಲಾ ಕೇಂದ್ರ ಹತ್ತಿರವಾಗಲಿಲ್ಲ. ಶಿವಮೊಗ್ಗದಿಂದ ಸಾಗರ ಮತ್ತು ಹೊಸನಗರ ಪಟ್ಟಣಗಳು ಸುಮಾರು 70 ಕಿ.ಮೀ., ತೀರ್ಥಹಳ್ಳಿ ಸುಮಾರು 60 ಕಿ.ಮೀ. ದೂರದಲ್ಲಿವೆ. ಈ ದೂರವು ತಾಲ್ಲೂಕು ಕೇಂದ್ರಗಳದ್ದು. ಸಾಗರ ತಾಲ್ಲೂಕಿನ ತುಮರಿ, ಹೊಸನಗರ ತಾಲ್ಲೂಕಿನ ನಿಟ್ಟೂರು ಮತ್ತು ಸಂಪೆಕಟ್ಟೆ, ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆ ಮುಂತಾದ ಊರುಗಳು ಇನ್ನೂ ಆಚೆಗಿವೆ.

1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರು ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ಅನೇಕ ಊರುಗಳನ್ನು ಮುಳುಗಿಸಿತು. ಉಳಿದ ಊರುಗಳ ದಾರಿಗಳನ್ನೂ ಕಡಿಯಿತು. ತುಮರಿ ಭಾಗದ ಜನರು ಹೊಳೆಬಾಗಿಲಿನ ಲಾಂಚ್ ನಂಬಿ ದಶಕಗಳನ್ನು ಕಳೆದರು. ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ರಂದು. ಎರಡು ಕಿಲೋಮೀಟರಿಗೂ ಉದ್ದವಾದ ಈ ಸೇತುವೆಯು ಆ ಭಾಗದ ಶಾಲೆಗಳನ್ನು ಸಾಗರಕ್ಕೆ ಹತ್ತಿರ ತಂದಿತು. ಇದನ್ನು ಸಾಧಿಸಿದ್ದು ರಸ್ತೆಯೇ ಹೊರತು ಆಡಳಿತದ ಗಡಿಯ ಬದಲಾವಣೆಯಲ್ಲ ಎಂಬುದು ಗಮನಾರ್ಹ.

ವಿಭಜನೆಯನ್ನು ಸಮರ್ಥಿಸುವ ಅಂಶಗಳು

ಮೊದಲನೆಯದು ಮೇಲ್ವಿಚಾರಣೆ. ಮಲೆನಾಡಿನಲ್ಲಿ ಮನೆಗಳು ಗುಡ್ಡದ ಬುಡಗಳಲ್ಲಿ ಚದುರಿರುವುದರಿಂದ ಶಾಲೆಗಳು ಚಿಕ್ಕವು ಮತ್ತು ಸಂಖ್ಯೆಯಲ್ಲಿ ಹೆಚ್ಚು. ಒಬ್ಬರು ಅಥವಾ ಇಬ್ಬರು ಶಿಕ್ಷಕರಿರುವ ಶಾಲೆಯಲ್ಲಿ ಒಬ್ಬರು ತರಬೇತಿಗೋ ಸಭೆಗೋ ಜಿಲ್ಲಾ ಕೇಂದ್ರಕ್ಕೆ ಹೋದರೆ ಆ ದಿನದ ಪಾಠವೇ ನಿಲ್ಲುವ ಸಂಭವವಿದೆ. ಕಚೇರಿ ಹತ್ತಿರವಿದ್ದರೆ ಅರ್ಧ ದಿನವಾದರೂ ಉಳಿಯುತ್ತದೆ.

ಎರಡನೆಯದು ಅಂಕಿ ಅಂಶಗಳ ಸ್ಪಷ್ಟತೆ. ಎಸ್.ಎಸ್.ಎಲ್.ಸಿ. ಫಲಿತಾಂಶವನ್ನು ಶೈಕ್ಷಣಿಕ ಜಿಲ್ಲಾವಾರು ಪ್ರಕಟಿಸುವುದರಿಂದ ಶಿರಸಿ ಮತ್ತು ಕಾರವಾರಗಳ ಸಾಧನೆ ಬೇರೆ ಬೇರೆಯಾಗಿ ಕಾಣುತ್ತದೆ. 2024ರಲ್ಲಿ ಶಿವಮೊಗ್ಗ ರಾಜ್ಯಕ್ಕೆ ಮೂರನೆಯ ಸ್ಥಾನ ಪಡೆಯಿತು. ಆ ಒಂದೇ ಸ್ಥಾನದೊಳಗೆ ಕೈಗಾರಿಕಾ ಪಟ್ಟಣವಾದ ಭದ್ರಾವತಿಯೂ ಹೊಸನಗರದ ಕಾಡಂಚಿನ ಶಾಲೆಗಳೂ ಒಟ್ಟಾಗಿ ಸೇರಿಕೊಂಡಿವೆ. ಸರಾಸರಿ ಉತ್ತಮವಾಗಿದ್ದಷ್ಟೂ ಅದರೊಳಗಿನ ಕೊರತೆ ಕಣ್ಣಿಗೆ ಬೀಳುವುದು ಕಡಿಮೆ.

ಮೂರನೆಯದು ನೇಮಕಾತಿ. ಶಿರಸಿ, ಚಿಕ್ಕೋಡಿ, ಮಧುಗಿರಿಗಳ ಪ್ರಾಥಮಿಕ ಶಿಕ್ಷಕರ ಖಾಲಿ ಹುದ್ದೆಗಳನ್ನು ಪ್ರತ್ಯೇಕವಾಗಿ ಪ್ರಕಟಿಸಲಾಗುತ್ತದೆ. ಮಲೆನಾಡಿಗೇ ಪ್ರತ್ಯೇಕ ಘಟಕವಿದ್ದರೆ ಅಲ್ಲಿಯ ಹುದ್ದೆಗೆ ನೇಮಕಗೊಂಡವರು ಕೆಲವೇ ವರ್ಷಗಳಲ್ಲಿ ಜಿಲ್ಲೆಯೊಳಗಿನ ವರ್ಗಾವಣೆಯಿಂದ ನಗರದ ಕಡೆಗೆ ಸರಿಯುವುದು ಕಷ್ಟವಾಗುತ್ತದೆ.

ವಿಭಜನೆಯ ಮಿತಿಗಳು

ಮೇಲಿನ ಮೂರನೆಯ ಅಂಶವೇ ಶಿಕ್ಷಕರ ಪಾಲಿಗೆ ದೊಡ್ಡ ಆತಂಕವೂ ಹೌದು. ಪತಿ ಶಿವಮೊಗ್ಗದಲ್ಲಿ, ಪತ್ನಿ ಹೊಸನಗರದಲ್ಲಿ ಸೇವೆಯಲ್ಲಿದ್ದರೆ ಈಗ ಅದು ಒಂದೇ ಘಟಕದೊಳಗಿನ ವರ್ಗಾವಣೆಯ ವಿಷಯ. ಘಟಕಗಳು ಬೇರೆಯಾದರೆ ಅದು ಅಂತರ ಘಟಕ ವರ್ಗಾವಣೆಯಾಗುತ್ತದೆ. ಕೋರಿಕೆಯ ಮೇಲೆ ಬೇರೆ ಘಟಕಕ್ಕೆ ಹೋಗುವವರು ಜ್ಯೇಷ್ಠತೆಯನ್ನು ಬಿಟ್ಟುಕೊಡಬೇಕಾಗುತ್ತದೆ. ಬಳ್ಳಾರಿ, ದಾವಣಗೆರೆ, ಮತ್ತೆ ಬಳ್ಳಾರಿ, 2021ರ ಬಳಿಕ ವಿಜಯನಗರ ಹೀಗೆ ಜಿಲ್ಲೆ ಬದಲಿಸಿದ ಹರಪನಹಳ್ಳಿ ತಾಲ್ಲೂಕು ಗಡಿ ಬದಲಾವಣೆಯೊಂದಿಗೆ ಕಡತಗಳೂ ಊರು ಬದಲಿಸಬೇಕಾಗುವುದಕ್ಕೆ ಉದಾಹರಣೆ.

ಹೊಸ ಕಚೇರಿಗೆ ಕಟ್ಟಡ, ವಾಹನ, ಶಿಕ್ಷಣಾಧಿಕಾರಿ, ವಿಷಯ ಪರಿವೀಕ್ಷಕರು ಮತ್ತು ಲಿಪಿಕ ಸಿಬ್ಬಂದಿ ಬೇಕು. ಹೊಸ ಹುದ್ದೆಗಳು ಮಂಜೂರಾಗದಿದ್ದರೆ ಇರುವ ಸಿಬ್ಬಂದಿಯನ್ನೇ ಹಂಚಿಕೊಳ್ಳಬೇಕಾಗಿ, ಒಂದು ಪೂರ್ಣ ಕಚೇರಿಯ ಸ್ಥಳದಲ್ಲಿ ಎರಡು ಅಪೂರ್ಣ ಕಚೇರಿಗಳು ಉಳಿಯುತ್ತವೆ.

ಎಲ್ಲಕ್ಕಿಂತ ಮುಖ್ಯವಾಗಿ, ವಿಭಜನೆಯು ಕಡಿಮೆ ಮಾಡುವುದು ಕಚೇರಿ ಮತ್ತು ಶಾಲೆಯ ನಡುವಿನ ದೂರವನ್ನು. ಮನೆ ಮತ್ತು ಶಾಲೆಯ ನಡುವಿನ ದೂರವನ್ನಲ್ಲ. ಮಳೆಗಾಲದಲ್ಲಿ ಹಳ್ಳ ದಾಟಲು ಬೇಕಾದ ಕಾಲುಸಂಕ, ಸೋರುವ ಮಾಡಿನ ದುರಸ್ತಿ, ಶಾಲಾ ಸಮಯಕ್ಕೆ ಬರುವ ಬಸ್ಸು ಇವು ಪಂಚಾಯಿತಿ, ಲೋಕೋಪಯೋಗಿ ಮತ್ತು ಸಾರಿಗೆ ವ್ಯವಸ್ಥೆಗಳ ಕೈಯಲ್ಲಿವೆ. 2018ರ ಜುಲೈ ತಿಂಗಳ ರಾಜ್ಯ ಬಜೆಟ್ಟಿನಲ್ಲಿ ಬಂದಂಥ ಶಾಲೆಗಳ ವಿಲೀನದ ಪ್ರಸ್ತಾವಗಳು ಮನೆಯಿಂದ ಶಾಲೆಗಿರುವ ದೂರವನ್ನು ನೇರವಾಗಿ ಮುಟ್ಟುತ್ತವೆ. ಅವು ರಾಜ್ಯಮಟ್ಟದ ನೀತಿಗಳು. ಉಪನಿರ್ದೇಶಕರು ಎಲ್ಲಿ ಕುಳಿತಿದ್ದಾರೆ ಎಂಬುದರಿಂದ ಬದಲಾಗುವಂಥವಲ್ಲ.

ಗಡಿಯ ಪ್ರಶ್ನೆ

ಕಂದಾಯ ಆಡಳಿತದಲ್ಲಿ ಜಿಲ್ಲೆಗೆ ಎರಡು ಉಪವಿಭಾಗಗಳಿವೆ. ಸಾಗರ ಉಪವಿಭಾಗದಲ್ಲಿ ಸಾಗರ, ಸೊರಬ, ಹೊಸನಗರ, ಶಿಕಾರಿಪುರ ತಾಲ್ಲೂಕುಗಳೂ ಶಿವಮೊಗ್ಗ ಉಪವಿಭಾಗದಲ್ಲಿ ಶಿವಮೊಗ್ಗ, ಭದ್ರಾವತಿ, ತೀರ್ಥಹಳ್ಳಿ ತಾಲ್ಲೂಕುಗಳೂ ಸೇರಿವೆ. ಸಾಗರವನ್ನು ಪ್ರತ್ಯೇಕ ಕಂದಾಯ ಜಿಲ್ಲೆಯಾಗಿಸಬೇಕೆಂಬ ಬೇಡಿಕೆಯೂ ಬಹುಕಾಲದಿಂದ ಇದೆ.

ಉಪವಿಭಾಗದ ಗಡಿಯನ್ನೇ ಅನುಸರಿಸಿದರೆ ತೀರ್ಥಹಳ್ಳಿ ಬಯಲಿನ ತಾಲ್ಲೂಕುಗಳೊಂದಿಗೆ ಉಳಿಯುತ್ತದೆ. ಮಳೆ, ಕಾಡು, ಚದುರಿದ ವಸತಿಗಳ ದೃಷ್ಟಿಯಿಂದ ಅದು ಹೊಸನಗರದ ಜೋಡಿ. ಆದರೆ ತೀರ್ಥಹಳ್ಳಿಯವರಿಗೆ ಹೊಸನಗರದ ಮೂಲಕ ಸಾಗರಕ್ಕೆ ಹೋಗುವುದಕ್ಕಿಂತ ಶಿವಮೊಗ್ಗವೇ ಹತ್ತಿರ. ಹೆದ್ದಾರಿಯೂ ಬಸ್ಸುಗಳೂ ಆ ಕಡೆಗಿವೆ. ಸ್ವಭಾವದಲ್ಲಿ ಪಶ್ಚಿಮಕ್ಕೆ, ದಾರಿಯಲ್ಲಿ ಪೂರ್ವಕ್ಕೆ ಸೇರಿದ ಈ ತಾಲ್ಲೂಕನ್ನು ಎಲ್ಲಿಡಬೇಕೆಂಬುದು ಮೂರು ತಾಲ್ಲೂಕುಗಳ ಒಂದು ಘಟಕದ ಕಲ್ಪನೆಗೆ ಎದುರಾಗುವ ಮೊದಲ ತೊಡಕು.

ಅಧಿಕಾರದ ವಿಕೇಂದ್ರೀಕರಣ

ಗಡಿಯನ್ನು ಬದಲಿಸದೆ ನಿರ್ಧಾರವನ್ನು ಕೆಳಹಂತಕ್ಕೆ ಇಳಿಸುವುದು ಇನ್ನೊಂದು ಮಾರ್ಗ. ಇದಕ್ಕೆ ಮಲೆನಾಡಿನಲ್ಲಿ ಮಳೆಗಾಲದ ರಜೆಯೇ ಉದಾಹರಣೆ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಮಳೆ ಮಿತಿಮೀರಿದಾಗ ಜಿಲ್ಲೆಗೆಲ್ಲ ಒಂದೇ ಆದೇಶ ಹೊರಡಿಸದೆ ಸಾಗರ, ಹೊಸನಗರ, ತೀರ್ಥಹಳ್ಳಿಗಳಂಥ ತಾಲ್ಲೂಕುಗಳಿಗಷ್ಟೇ ರಜೆ ಸಾರುವ ರೂಢಿ ಬೆಳೆದಿದೆ. ಇದೇ ರೀತಿ ತರಬೇತಿ, ಸಣ್ಣ ದುರಸ್ತಿ, ತಾತ್ಕಾಲಿಕ ನಿಯೋಜನೆ ಮುಂತಾದವುಗಳನ್ನು ಕ್ಷೇತ್ರ ಶಿಕ್ಷಣಾಧಿಕಾರಿಯ ಹಂತದಲ್ಲೇ ಮುಗಿಸುವ ವ್ಯವಸ್ಥೆಯಾದರೆ, ವಿಭಜನೆಯಿಂದ ನಿರೀಕ್ಷಿಸುವ ಪ್ರಯೋಜನದ ಬಹುಭಾಗವನ್ನು ಈಗಿನ ಗಡಿಯೊಳಗೇ ಪಡೆಯಲು ಸಾಧ್ಯ.

ಇತರ ಪ್ರದೇಶಗಳಲ್ಲಿ

ಕೇರಳದ 14 ಕಂದಾಯ ಜಿಲ್ಲೆಗಳಲ್ಲಿ 41 ಶೈಕ್ಷಣಿಕ ಜಿಲ್ಲೆಗಳಿವೆ. ಕಾಸರಗೋಡು ಜಿಲ್ಲೆಯನ್ನು ಕಾಸರಗೋಡು ಮತ್ತು ಕಾಞಂಗಾಡ್ ಎಂದು ಭಾಗಿಸಲಾಗಿದೆ. ಕನ್ನಡ ಮಾಧ್ಯಮದ ಶಾಲೆಗಳು ಹೆಚ್ಚಾಗಿರುವ ಮಂಜೇಶ್ವರ ಮತ್ತು ಕುಂಬಳೆ ಉಪಜಿಲ್ಲೆಗಳು ಮೊದಲನೆಯದರಲ್ಲಿವೆ. ಅಮೆರಿಕದ ಶಾಲಾ ಜಿಲ್ಲೆಗಳ ಸ್ವರೂಪ ಬೇರೆ. ಅವುಗಳಲ್ಲಿ ಹೆಚ್ಚಿನವಕ್ಕೆ ಚುನಾಯಿತ ಮಂಡಳಿಯೂ ಸ್ಥಳೀಯ ತೆರಿಗೆಯ ಆದಾಯವೂ ಇವೆ. ಅಲ್ಲಿ 1939–40ರಲ್ಲಿ 1,17,000ಕ್ಕೂ ಹೆಚ್ಚಿದ್ದ ಶಾಲಾ ಜಿಲ್ಲೆಗಳು ವಿಲೀನಗೊಳ್ಳುತ್ತ ಈಗ ಸುಮಾರು 13,000ಕ್ಕೆ ಇಳಿದಿವೆ. ಕರ್ನಾಟಕದ ಶೈಕ್ಷಣಿಕ ಜಿಲ್ಲೆಗೆ ಚುನಾಯಿತ ಮಂಡಳಿಯಾಗಲಿ ತೆರಿಗೆಯ ಅಧಿಕಾರವಾಗಲಿ ಇಲ್ಲ. ಹಾಗಾಗಿ ಇಲ್ಲಿಯ ವಿಭಜನೆಯಿಂದ ಕಚೇರಿ ಹತ್ತಿರವಾಗುತ್ತದೆಯೇ ವಿನಾ ಸ್ಥಳೀಯರಿಗೆ ಹೊಸ ಅಧಿಕಾರವೇನೂ ಬರುವುದಿಲ್ಲ.

ಇವನ್ನೂ ನೋಡಿ

- ಶಿವಮೊಗ್ಗ ಜಿಲ್ಲೆ
- ಲಿಂಗನಮಕ್ಕಿ ಅಣೆಕಟ್ಟು
- ಶಿರಸಿ
- ಕರ್ನಾಟಕದಲ್ಲಿ ಶಿಕ್ಷಣ