ಎದುರಂಗಡಿಯ ಸೀರೆ

1866ರಲ್ಲಿ ಲಂಡನ್ನಿನಲ್ಲಿ 18 ಸಂಪುಟಗಳ ಒಂದು ಪುಸ್ತಕ ತಯಾರಾಯಿತು. ಅದರಲ್ಲಿ ಅಕ್ಷರಕ್ಕಿಂತ ಅರಿವೆಯೇ ಹೆಚ್ಚು. ಹಿಂದೂಸ್ಥಾನದ ಬಟ್ಟೆಗಳಿಂದ ಕತ್ತರಿಸಿದ 700 ತುಂಡುಗಳನ್ನು ಅಂಟಿಸಿ, ಜೊತೆಗೆ ಉದ್ದ, ಅಗಲ, ತೂಕ, ಸಿಕ್ಕ ಊರು, ಬೆಲೆ ಇಷ್ಟನ್ನು ಬರೆದಿದ್ದರು. ಮಾಡಿಸಿದವನು ಜಾನ್ ಫೋರ್ಬ್ಸ್ ವಾಟ್ಸನ್. ಓದಿದ್ದು ವೈದ್ಯಕೀಯ, ಮಾಡುತ್ತಿದ್ದದ್ದು ಭಾರತದ ಸರಕುಗಳ ವರದಿ ಬರೆಯುವ ಸರಕಾರಿ ನೌಕರಿ. ಒಟ್ಟು 20 ಪ್ರತಿ ಆದವು. 13 ಬ್ರಿಟನ್ನಿನಲ್ಲಿ ಉಳಿದವು, 7 ಈ ಕಡೆ ಬಂದವು. ಉದ್ದೇಶದಲ್ಲಿ ಮುಚ್ಚುಮರೆ ಏನೂ ಇರಲಿಲ್ಲ: ಇಲ್ಲಿಯ ಜನ ಏನು ಉಡುತ್ತಾರೆ, ಎಷ್ಟು ಕೊಟ್ಟು ಕೊಳ್ಳುತ್ತಾರೆ ಎಂಬುದು ಅಲ್ಲಿಯ ಗಿರಣಿ ಮಾಲೀಕನಿಗೆ ಕುಳಿತಲ್ಲೇ ಗೊತ್ತಾಗಬೇಕು.

ನಾನು ಜಮಖಂಡಿಯಲ್ಲಿ ವೆಬ್ ಡಿಸೈನ್ ಕಲಿಸುವವನು, ಬನಹಟ್ಟಿಯ ನೇಕಾರರ ಮನೆಯಲ್ಲಿ ಹುಟ್ಟಿದವನು. ಕೊನೆಯ ವರ್ಷದ ಪ್ರಾಜೆಕ್ಟಿಗೆ ಸೀರೆ ಅಂಗಡಿಯ ವೆಬ್‌ಸೈಟ್ ಮಾಡಿರಿ ಎನ್ನುತ್ತೇನೆ. ಮಾಡುವ ಮೊದಲು ಇದೇ ವ್ಯಾಪಾರದಲ್ಲಿರುವ ಬೇರೆಯವರ ಸೈಟು ನೋಡಿ ಒಂದು ತಖ್ತೆ ತನ್ನಿರಿ ಎನ್ನುತ್ತೇನೆ. ಹುಡುಗರು ತರುವ ತಖ್ತೆಯಲ್ಲಿ ಬಣ್ಣ, ಮೆನು, ಫೋಟೋದ ಗಾತ್ರ, ಬೆಲೆ, ಪುಟ ತೆರೆಯಲು ಹಿಡಿಯುವ ಹೊತ್ತು, ಮೊಬೈಲಿನಲ್ಲಿ ಕಾಣುವ ರೀತಿ ಎಲ್ಲ ಇರುತ್ತದೆ. ವಾಟ್ಸನ್ನನ ಸಂಪುಟಗಳನ್ನು ಈಗ ಪರದೆಯ ಮೇಲೆಯೇ ನೋಡಬಹುದು. ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರೆ ಹುಡುಗರು ನಗುತ್ತಾರೆ. ನಡುವೆ ಒಂದೂವರೆ ಶತಮಾನ ಇದ್ದರೂ ಅಂಕಣಗಳು ಹೆಚ್ಚು ಬದಲಾಗಿಲ್ಲ.

ಕಂಪ್ಯೂಟರ್ ಮಾಸ್ತರನಾದವನು ಮಗ್ಗದ ಮಾತೆತ್ತಿದರೆ ಜಕಾರ್ಡ್ ಕಥೆ ಹೇಳಲೇಬೇಕು ಎಂಬ ಪದ್ಧತಿ ಇದೆ. 1804ರ ಹೊತ್ತಿಗೆ ಫ್ರಾನ್ಸಿನ ಲಿಯಾನ್‌ನಲ್ಲಿ ತೂತು ಹೊಡೆದ ರಟ್ಟುಗಳಿಂದ ನಡೆಯುವ ಮಗ್ಗ ಬಂತು, ಆ ರಟ್ಟೇ ಮುಂದೆ ಲೆಕ್ಕದ ಯಂತ್ರಗಳಿಗೂ ಹೋಯಿತು, ಇತ್ಯಾದಿ. ಕಥೆ ಸುಳ್ಳಲ್ಲ, ಆದರೆ ಸವೆದುಹೋಗಿದೆ. ಮಗ್ಗದಿಂದ ಕಂಪ್ಯೂಟರಿಗೆ ಬಂದ ಯಂತ್ರಕ್ಕಿಂತ, ನೆರೆಯವನ ಸರಕನ್ನು ನೋಡಿ ಕಲಿಯುವ ಚಟದ ಮೇಲೆ ನನಗೆ ಪ್ರೀತಿ ಹೆಚ್ಚು. ಅದಕ್ಕೆ ನಮ್ಮ ಊರುಗಳಲ್ಲಿ ದೊಡ್ಡ ಚರಿತ್ರೆ ಇದೆ.

ವಾಟ್ಸನ್ ತನ್ನ ಗಿರಣಿಯವರಿಗೆ ಬಿಡಿಸಿ ಹೇಳಿದ ಸಂಗತಿಗಳಲ್ಲಿ ಮುಖ್ಯವಾದದ್ದು, ಈ ದೇಶದ ಉಡುಪಿನಲ್ಲಿ ಬಹುಪಾಲು ಕತ್ತರಿ ಸೂಜಿ ಕಾಣದೆ ಮಗ್ಗದಿಂದ ನೇರ ಮೈಮೇಲೆ ಹೋಗುತ್ತದೆ ಎಂಬುದು. ಸೀರೆ ಎಂದರೆ ಥಾನಿನಿಂದ ಹರಿದ ಬಟ್ಟೆಯಲ್ಲ. ದಡಿ ಎಲ್ಲಿ ಬರಬೇಕು, ಸೆರಗು ಎಲ್ಲಿ ಮುಗಿಯಬೇಕು ಎಂಬುದೆಲ್ಲ ಹಾಸು ಹೂಡುವಾಗಲೇ ನಿಶ್ಚಯ. ಇಷ್ಟು ಸ್ಪಷ್ಟವಾಗಿ ತಿಳಿದರೂ ಬಣ್ಣದ ದಡಿಯ ಸೀರೆಯಲ್ಲಿ ವಿಲಾಯತಿ ಗಿರಣಿಗೆ ನಮ್ಮ ಕಡೆ ಪೂರ್ತಿ ಗೆಲುವು ಸಿಗಲಿಲ್ಲ. ಗಿರಣಿಗೆ ಬೇಕಾದದ್ದು ಒಂದೇ ನಮೂನೆಯ ಸಾವಿರಾರು ವಾರ ಅರಿವೆ. ಈ ಕಡೆಯ ಹೆಣ್ಣುಮಕ್ಕಳಿಗೆ ಬೇಕಾದದ್ದು ಊರಿಗೊಂದು, ಜಾತಿಗೊಂದು, ಹಬ್ಬಕ್ಕೊಂದು ದಡಿ. ಬಿಳಿ ಬಟ್ಟೆಯಲ್ಲಿ ಸೋತ ನೇಕಾರ ಬಣ್ಣದ ಸೀರೆಯಲ್ಲಿ ಕಾಲೂರಿ ನಿಂತ. ಗಿರಣಿಯ ನೂಲನ್ನೇ ಕೊಂಡು, ಗಿರಣಿ ಮಾಡಲಾರದ್ದನ್ನು ನೇಯ್ದ. 1877ರಲ್ಲಿ ಸೊಲ್ಲಾಪುರದ ಹಳೇ ಗಿರಣಿ, 1880ರ ದಶಕದಲ್ಲಿ ಗೋಕಾಕ ಫಾಲ್ಸಿನ ಗಿರಣಿ ಶುರುವಾದ ಮೇಲೆ ನೂಲು ಹತ್ತಿರಕ್ಕೇ ಬಂತು. ಅಮೆರಿಕದ ಇತಿಹಾಸಕಾರ ಡಗ್ಲಸ್ ಹೇನ್ಸ್ ಮುಂಬಯಿ ಇಲಾಖೆಯ ಸಣ್ಣ ಊರುಗಳ ನೇಕಾರರ ಬಗ್ಗೆ 2012ರಲ್ಲಿ ದೊಡ್ಡ ಪುಸ್ತಕ ತಂದರು. ಸೊಲ್ಲಾಪುರ, ಇಚಲಕರಂಜಿ, ಮಾಲೇಗಾಂವಗಳ ಜನ ಕೈಕಟ್ಟಿ ಕುಳಿತು ನಾಶವಾಗಲಿಲ್ಲ, ಪೇಟೆ ನೋಡಿ ನೋಡಿ ಮಗ್ಗ ಬದಲಿಸಿದರು ಎಂಬುದು ಅವರ ವಾದ. ಅದನ್ನು ಓದುವಾಗ ನನಗೆ ನಮ್ಮ ಓಣಿಯೇ ಕಣ್ಣ ಮುಂದೆ ಬಂತು.

ಮ್ಯಾಂಚೆಸ್ಟರಿನವರು ಸೀರೆಯಲ್ಲಿ ಪೂರ್ತಿ ಗೆಲ್ಲದಿದ್ದರೂ ನಮಗೆ ಇನ್ನೊಂದು ಕಲಿಸಿ ಹೋದರು. ಅವರ ಥಾನಿನ ಮೇಲೆ ಬಣ್ಣಬಣ್ಣದ ಚೀಟಿ ಅಂಟಿಸಿರುತ್ತಿತ್ತು. ಲಕ್ಷ್ಮಿ, ಕೃಷ್ಣ, ಆನೆ, ಹುಲಿ, ರಾಜ, ರಾಣಿ. ಇಂಗ್ಲಿಷ್ ಬಾರದವನೂ ಆನೆ ಚೀಟಿಯ ಬಟ್ಟೆ ಕೊಡು ಎಂದು ಕೇಳುತ್ತಿದ್ದ. ಒಬ್ಬನ ಚೀಟಿ ಓಡತೊಡಗಿದರೆ ಇನ್ನೊಬ್ಬ ಅಂಥದೇ ಚಿತ್ರ ಬರೆಸಿ ಅಂಟಿಸುತ್ತಿದ್ದ, ಜಗಳ ಕೋರ್ಟಿನ ತನಕ ಹೋಗುತ್ತಿತ್ತು. ಹೋಮ್ ಪೇಜ್ ಎಂದರೇನು ಎಂದು ಹುಡುಗರು ಕೇಳಿದಾಗ ನಾನು ಆ ಚೀಟಿಯ ಚಿತ್ರ ತೋರಿಸುತ್ತೇನೆ.

ಇನ್ನು ನಮ್ಮ ಊರಿಗೆ ಬರೋಣ. ರಬಕವಿ ಮತ್ತು ಬನಹಟ್ಟಿ ಈಗ ಒಂದೇ ನಗರಸಭೆ, ಒಂದೇ ತಾಲ್ಲೂಕು. 1948ರ ಮಾರ್ಚಿನ ತನಕ ಹಾಗಿರಲಿಲ್ಲ. ರಬಕವಿ ಸಾಂಗಲಿ ಸಂಸ್ಥಾನದ್ದು, ತೇರದಾಳದ ಜೊತೆಯದು. ಬನಹಟ್ಟಿ ಜಮಖಂಡಿ ಸಂಸ್ಥಾನದ್ದು. ಎರಡೂ ಕಡೆ ಪಟವರ್ಧನರೇ, ಒಂದೇ ಮನೆತನದ ಬೇರೆ ಬೇರೆ ಶಾಖೆ. ನಡೆದುಹೋಗುವಷ್ಟು ಹತ್ತಿರದ ಎರಡು ಊರಿಗೆ ಇಬ್ಬರು ಒಡೆಯರು, ಎರಡರಲ್ಲೂ ಮಗ್ಗದ ಸದ್ದು. ಬನಹಟ್ಟಿಯವರಿಗೆ ಇದಿರಾಳಿ ಎಂದರೆ ಮೊದಲು ರಬಕವಿ, ಆಮೇಲೆ ಇಳಕಲ್ಲು, ಗುಳೇದಗುಡ್ಡ, ಸೊಲ್ಲಾಪುರ. ಮ್ಯಾಂಚೆಸ್ಟರ್ ಎಲ್ಲೋ ಸಮುದ್ರದಾಚೆ. ನಮ್ಮ ಅಜ್ಜ ಸಾಯುವ ತನಕ ಪಕ್ಕದ ಊರನ್ನು "ಸಾಂಗಲಿಯವರು" ಎಂದೇ ಕರೆಯುತ್ತಿದ್ದ. ಸಾಂಗಲಿ ರಾಜ್ಯವೇ ಹೋಗಿ ಎಷ್ಟೋ ವರ್ಷವಾಗಿತ್ತು.

ಎದುರಂಗಡಿಯ ಸೀರೆಯನ್ನು ಹೇಗೆ ನೋಡಬೇಕು ಎಂಬುದನ್ನು ನಾನು ಅಪ್ಪನಿಂದ ಕಂಡೆ, ಕಲಿತೆ ಎನ್ನಲಾರೆ. ಅಪ್ಪ ಸಂತೆಗೋ ಜಾತ್ರೆಗೋ ಹೋದರೆ ಕೊಳ್ಳುವವನ ಹಾಗೆ ಅಂಗಡಿಯ ಹಾಸಿಗೆಯ ಮೇಲೆ ಕೂರುತ್ತಿದ್ದ. ಸಾವಕಾರ ಸೀರೆ ಬಿಚ್ಚಿ ಚೆಲ್ಲುತ್ತಿದ್ದ. ಅಪ್ಪ ಮೇಲ್ಮೈ ನೋಡುತ್ತಲೇ ಇರಲಿಲ್ಲ. ಮೊದಲು ಮಗುಚಿ ಹಿಂಬದಿ, ಆಮೇಲೆ ದಡಿಯ ಅಂಚು, ಕೊನೆಗೆ ಸೆರಗಿನ ಕುಚ್ಚು. ಬೆರಳಿನಲ್ಲಿ ಉಜ್ಜಿ ಗಂಜಿ ಎಷ್ಟು ಎಂದು ತಿಳಿಯುವುದು. ಕುಚ್ಚಿನಿಂದ ಎಳೆಯೊಂದು ಹೇಗೋ ಅವನ ಜೇಬು ಸೇರಿರುತ್ತಿತ್ತು. ಮನೆಗೆ ಬಂದು ದೀಪಕ್ಕೆ ಹಿಡಿದರೆ ಕೂದಲು ಸುಟ್ಟ ವಾಸನೆ ಬಂತೆಂದರೆ ರೇಷ್ಮೆ, ಕಾಗದದ ವಾಸನೆ ಬಂತೆಂದರೆ ಕೃತಕ ರೇಷ್ಮೆ. ಆಮೇಲೆ ಭೂತಗನ್ನಡಿ. ಇಂಚಿಗೆ ಎಷ್ಟು ಎಳೆ ಹಾಸು, ಎಷ್ಟು ಹೊಕ್ಕು, ಎಂಥ ನಂಬರಿನ ನೂಲು. ಇಷ್ಟು ಸಿಕ್ಕರೆ ಬೆಲೆ ತಾನಾಗಿಯೇ ತಿಳಿಯುತ್ತಿತ್ತು. ಕಾಕಾ ಗ್ರಾಫ್ ಹಾಳೆಯಲ್ಲಿ, ಒಂದು ಚೌಕಕ್ಕೆ ಒಂದು ಎಳೆಯಂತೆ, ದಡಿಯ ನಮೂನೆಯನ್ನು ನೆನಪಿನಿಂದ ಬರೆಯುತ್ತಿದ್ದ. ಪುಸ್ತಕದ ಅಂಗಡಿಯವನಿಗೆ ನಮ್ಮ ಮನೆಯಲ್ಲಿ ಯಾರೋ ಇಂಜಿನಿಯರಿಂಗ್ ಓದುತ್ತಾರೆ ಎಂಬ ಭ್ರಮೆ ಇತ್ತು.

ಇದನ್ನು ಕಳ್ಳತನ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಇಳಕಲ್ಲಿನವರೂ ಬಂದು ನಮ್ಮದನ್ನು ಮಗುಚಿ ನೋಡಿ ಹೋಗುತ್ತಿದ್ದರು. ನಕಲಿಗೂ ಒಂದು ಮಿತಿ ಇತ್ತು, ಅದು ಕಾಯ್ದೆಯದಲ್ಲ, ಕಸುಬಿನದು. ಇಳಕಲ್ ಸೀರೆಯ ಟೋಪ ತೆನಿ ಸೆರಗನ್ನೇ ತೆಗೆದುಕೊಳ್ಳಿ. ಮೂರು ಕೆಂಪು ಪಟ್ಟೆ, ನಡುವೆ ಎರಡು ಕಡೆ ಬಿಳಿಯ ನಮೂನೆ. ನೋಡಲು ಸರಳ. ಆದರೆ ಅಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎಳೆಗೆ ಎಳೆ ಕೊಂಡಿ ಹಾಕಿ ಎರಡನ್ನೂ ಕೂಡಿಸಬೇಕು. ಒಂದೊಂದು ಸೀರೆಗೂ ಈ ಕೆಲಸ ಹೊಸದಾಗಿ ಆಗಬೇಕು, ಸಾಮಾನ್ಯವಾಗಿ ಮನೆಯ ಹೆಣ್ಣುಮಕ್ಕಳ ಕೈಯಲ್ಲಿ. ಸೆರಗಿನ ಬಣ್ಣವನ್ನು ನಕಲು ಮಾಡಬಹುದು, ಕೊಂಡಿಯನ್ನು ಮಾಡಲು ಇಳಕಲ್ಲಿನವರಷ್ಟೇ ಹೊತ್ತು ಸುರಿಯಬೇಕು. ಹಾಗೆ ಸುರಿದರೆ ಬೆಲೆಯೂ ಅಷ್ಟೇ ಆಗುತ್ತದೆ, ನಕಲು ಮಾಡಿದ್ದು ವ್ಯರ್ಥ.

ಈ ಮಿತಿಯನ್ನು ಒಡೆದದ್ದು ಪವರ್‌ಲೂಮು. ಇಚಲಕರಂಜಿಯಲ್ಲಿ ವಿಠ್ಠಲರಾವ್ ದಾತಾರ್ ಎಂಬವರು 1904ರಲ್ಲಿ ಮೊದಲ ಪವರ್‌ಲೂಮು ಹೂಡಿದರು. ಅಲ್ಲಿಯ ಜಹಗೀರದಾರ ನಾರಾಯಣರಾವ್ ಘೋರ್ಪಡೆ ಬೆನ್ನಿಗೆ ನಿಂತರು. ಬನಹಟ್ಟಿಗೆ ಆ ಗಾಳಿ ಬೀಸಲು ಬಹಳ ಕಾಲ ಹಿಡಿಯಿತು. ನಮ್ಮ ಓಣಿಯ ಹುಡುಗರು ಇಚಲಕರಂಜಿಗೆ ಕೂಲಿಗೆಂದು ಹೋಗಿ, ಕೈ ಕುದುರಿಸಿಕೊಂಡು, ಹಳೆಯ ಮಗ್ಗಗಳನ್ನು ಅಲ್ಲಿಂದಲೇ ಅಗ್ಗಕ್ಕೆ ಹೇರಿಕೊಂಡು ಬಂದರು. ಕುಣಿಮಗ್ಗದ ಕುಣಿ ಮುಚ್ಚಿ ಮೇಲೆ ಫರಸಿ ಹಾಕಿದ ದಿನ ಅಪ್ಪ ಊಟ ಮಾಡಲಿಲ್ಲ, ಮರುದಿನ ಮೋಟಾರಿನ ಸದ್ದಿಗೆ ಹೊಂದಿಕೊಂಡ. ಡಾಬಿಯ ಮರದ ಪಟ್ಟಿಗೆ ಗೂಟ ಬಡಿದರೆ ದಡಿ ತಾನೇ ಬರುತ್ತದೆ, ಸೆರಗು ಅದೇ ಹಾಸಿನ ಮೇಲೆ ಹೊಕ್ಕಿನ ಬಣ್ಣ ಬದಲಿಸಿದರೆ ಆಯಿತು, ಕೊಂಡಿಯ ಗೊಡವೆ ಇಲ್ಲ. ದೂರದಿಂದ ನೋಡಿದರೆ ಇಳಕಲ್ಲೇ. 1985ರಲ್ಲಿ ಕೇಂದ್ರ ಸರಕಾರ ಕೆಲವು ಬಗೆಯ ಬಟ್ಟೆಯನ್ನು ಕೈಮಗ್ಗಕ್ಕೆ ಮೀಸಲಿಟ್ಟು ಕಾಯ್ದೆ ಮಾಡಿತು. ಮೊದಲು 22 ಬಗೆ, 1996ರ ಹೊತ್ತಿಗೆ 11. ಸೀರೆ ಪಟ್ಟಿಯಲ್ಲಿತ್ತು. ಕಾಗದದ ಮೇಲೆ ಇದ್ದ ಗೆರೆ ಪೇಟೆಯಲ್ಲಿ ಎಷ್ಟು ಕಂಡಿತು ಎಂಬುದನ್ನು ಯಾವ ನೇಕಾರನನ್ನು ಕೇಳಿದರೂ ಹೇಳುತ್ತಾನೆ. ಆಮೇಲೆ ಊರಿನ ಹೆಸರನ್ನು ಕಾಯುವ ಭೌಗೋಳಿಕ ಸೂಚಕದ (ಜಿಐ) ಕಾಯ್ದೆ 1999ರಲ್ಲಿ ಬಂತು, 2003ರಿಂದ ಜಾರಿಗೆ. ಇಳಕಲ್ ಸೀರೆಗೂ ಗುಳೇದಗುಡ್ಡದ ಖಣಕ್ಕೂ ಜಿಐ ಸಿಕ್ಕಿತು.

ನಮ್ಮ ಹುಡುಗರ ತಖ್ತೆಗೆ ಇಲ್ಲಿ ತೊಡಕು ಬಂತು. ಇದಿರಾಳಿ ಯಾರು ಎಂದು ಹುಡುಕಹೋದವರಿಗೆ ಇಳಕಲ್ ಸೀರೆ ಎಂದು ಮಾರುವ ಸೈಟುಗಳು ಸಾಲುಗಟ್ಟಿ ಸಿಕ್ಕವು. ರಬಕವಿಯಿಂದ ಬರುವ ಒಬ್ಬ ಹುಡುಗಿ, ಮನೆಯಲ್ಲಿ ಮಗ್ಗ ಇರುವವಳು, ಫೋಟೋ ದೊಡ್ಡದು ಮಾಡಿ ನೋಡುತ್ತ ಕೂತಿದ್ದಳು. "ಸರ, ಇದರೊಳಗ ಕೊಂಡೀನ ಇಲ್ರಿ. ಇದು ನಮ್ಮ ಕಡೀದು ಇದ್ದಂಗ ಐತಿ." ನಾನೂ ಬಗ್ಗಿ ನೋಡಿದೆ. ಒಡಲಿನ ಎಳೆ ಕಡಿಯದೆ ಹಾಗೇ ಸೆರಗಿನೊಳಗೆ ಹೋಗಿತ್ತು. ಪವರ್‌ಲೂಮಿನದು ಎನ್ನುವುದು ಖಚಿತ. ರಬಕವಿಯದೋ ಬನಹಟ್ಟಿಯದೋ ಇಚಲಕರಂಜಿಯದೋ ಫೋಟೋ ಹೇಳುವುದಿಲ್ಲ. ಇದಿರಾಳಿಯ ಅಂಗಡಿಯಲ್ಲಿ ನೇತು ಹಾಕಿದ್ದು ನಮ್ಮದೇ ಓಣಿಯ ಸರಕಾಗಿರಬಹುದು.

ವಾಟ್ಸನ್ನನ ತಖ್ತೆಯಲ್ಲಿ ಊರಿನ ಹೆಸರಾದರೂ ಇತ್ತು. ನೇಯ್ದವನ ಹೆಸರಿಗೆ ಅಂಕಣ ಅವನೂ ಹಾಕಿರಲಿಲ್ಲ. ಈಗಿನ ಸೈಟುಗಳಲ್ಲಿ ಊರೂ ಜಾರಿದೆ. ಇಳಕಲ್ ಎಂಬುದು ಊರಾಗಿ ಉಳಿಯದೆ ನಮೂನೆಯಾಗಿದೆ. ಇದಕ್ಕೆ ಪೇಟೆಯನ್ನಷ್ಟೇ ದೂರುವುದು ನ್ಯಾಯವಲ್ಲ. ಬನಹಟ್ಟಿಯ ನಾವು ಬೇರೆಯವರ ಸೀರೆಯನ್ನು ಅಷ್ಟು ಚೆನ್ನಾಗಿ ನೋಡಿದೆವು, ಸಾವಕಾರ ಕೇಳಿದ ನಮೂನೆಯನ್ನು ಅಷ್ಟು ಬೇಗ ಇಳಿಸಿಕೊಟ್ಟೆವು, ನಮ್ಮದು ಇದು ಎಂದು ಹೇಳುವ ಒಂದು ದಡಿಯನ್ನು ಹಟ ಹಿಡಿದು ಉಳಿಸಿಕೊಳ್ಳಲಿಲ್ಲ. ರಬಕವಿ ಬನಹಟ್ಟಿಯ ಕಾಟನ್ ಸೀರೆ ಗೊತ್ತಿರುವವರು ಈ ಭಾಗದಲ್ಲೂ ಮಹಾರಾಷ್ಟ್ರದ ಅಂಚಿನಲ್ಲೂ ಇದ್ದಾರೆ. ಆದರೆ ಅದು ಬಾಯಿಂದ ಬಾಯಿಗೆ ಹೋದ ಹೆಸರು, ಚೀಟಿಯ ಮೇಲೆ ಏರಲಿಲ್ಲ.

ಮುಧೋಳದ ಹುಡುಗನೊಬ್ಬ ಇದನ್ನು ಕೇಳಿ ಎದೆಯುಬ್ಬಿಸಿದ. ಅವನ ಪ್ರಾಜೆಕ್ಟ್ ಬೇಟೆನಾಯಿಯದು. ಮುಧೋಳದ ಘೋರ್ಪಡೆ ಅರಸರು ಆ ತಳಿಯನ್ನು ಸಾಕಿ ಬೆಳೆಸಿ, ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಯ ತನಕ ಮುಟ್ಟಿಸಿದರು. 2005ರಲ್ಲಿ ಅಂಚೆ ಇಲಾಖೆ ಅದರ ಮೇಲೆ ಚೀಟಿ ತಂದಿತು. ನಾಯಿ ಎಲ್ಲಿ ಹೋದರೂ ಮುಧೋಳ ಬೆನ್ನಿಗೆ ಅಂಟಿಕೊಂಡೇ ಹೋಗುತ್ತದೆ. "ನಮ್ಮೂರ ನಾಯಿಗಿ ಇರೂ ಹೆಸರು ನಿಮ್ಮೂರ ಸೀರಿಗಿ ಇಲ್ಲಲ್ರಿ ಸರ" ಎಂದ. ನಗು ಬಂತು, ಸ್ವಲ್ಪ ಚುಚ್ಚಿತು ಕೂಡ. ಬೀಳಗಿಯಿಂದ ಬರುವವನು ಏನೂ ಅನ್ನಲಿಲ್ಲ. ಅವನದು ಆಲಮಟ್ಟಿಯ ಹಿನ್ನೀರಿಗೆ ಹೋದ ಹಳ್ಳಿ, ಈಗ ಪುನರ್ವಸತಿ ಕೇಂದ್ರದಲ್ಲಿ ಮನೆ. ಅವನ ಪಾಲಿಗೆ ಹೆಸರು ಉಳಿದು ಊರು ಹೋಗಿದೆ.

ರಬಕವಿಯ ಹುಡುಗಿ ತಖ್ತೆಗೆ ಎರಡು ಅಂಕಣ ಸೇರಿಸಿದಳು: ನೇಯ್ದ ಊರು, ಸೆರಗಿನ ಕೂಡುಗೆಯ ಫೋಟೋ ಇದೆಯೋ ಇಲ್ಲವೋ. ಬಹಳಷ್ಟು ಕಡೆ ಎರಡೂ ಖಾಲಿ. ತನ್ನ ಸೈಟಿನಲ್ಲಿ ಪ್ರತಿ ಸೀರೆಗೂ ಹಿಂಬದಿಯ ಫೋಟೋ ಒಂದು ಇರಬೇಕು ಎಂದು ಪಟ್ಟು ಹಿಡಿದಳು. ಹಿಂಬದಿಯ ಫೋಟೋ ಯಾರಾದರೂ ಹಾಕುತ್ತಾರೆಯೇ ಎಂದು ಜೊತೆಯವರು ಚುಡಾಯಿಸಿದರು. ನಾನು ಅಪ್ಪ ಅಂಗಡಿಯಲ್ಲಿ ಕೂತು ಸೀರೆ ಮಗುಚುತ್ತಿದ್ದುದನ್ನು ಹೇಳಿ ಅವಳ ಪರ ನಿಂತೆ.

ಯಾರಿಗಾಗಿ ಸೈಟು ಮಾಡುತ್ತಿದ್ದಳೋ ಆ ಅಂಗಡಿಯ ಸಾವಕಾರರಿಗೆ ಹಿಂಬದಿಯ ಬಗ್ಗೆ ತಕರಾರು ಇರಲಿಲ್ಲ. ತಕರಾರು ತಲೆಬರಹದ್ದು. "ಇಳಕಲ್ ಟೈಪ್ ಅಂತ ಬರೀವಾ, ಜನ ಹುಡುಕೂದು ಅದನ್ನ" ಎಂದರು. "ಹಂಗ ಬರಿಯಾಕ ಬರೂದಿಲ್ರಿ ಕಾಕಾ, ಜಿಐ ಐತಿ, ನಾಳೆ ನೋಟಿಸ್ ಬಂದ್ರ ನಿಮಗ ತ್ರಾಸ. ಬನಹಟ್ಟಿ ಕಾಟನ್ ಅಂತ ಹಾಕ್ತೀನ್ರಿ" ಎಂದಳು. ಅವರು ಬಹಳ ಹೊತ್ತು ಪರದೆ ನೋಡಿದರು. ಹೆಸರು ಬದಲಿಸಿದರೆ ಸೀರೆಯ ರೇಟು ಎಷ್ಟು ಇಳಿಯುತ್ತದೆ ಎಂದು ಮನಸ್ಸಿನಲ್ಲೇ ಗುಣಿಸುತ್ತಿದ್ದರೆಂದು ಕಾಣುತ್ತದೆ. ಕೊನೆಗೆ, ಹಾಕು, ಆದರೆ ಅಕ್ಷರ ಸಣ್ಣದಿರಲಿ, ದೀಪಾವಳಿ ತನಕ ನೋಡೋಣ ಎಂದರು.